ರೇಷ್ಮೆ ಸೀರೆಯನ್ನು ಸಿಂಗಪುರದ ತೇವಕ್ಕೆ ಬಿಡಬೇಡಿ

ಹೋದ ತಿಂಗಳು ಕೆಳಗಿನ ಮಹಡಿಯ ಹುಡುಗಿ ಬಾಗಿಲು ತಟ್ಟಿದಳು. ಬೆಂಗಳೂರಿನಿಂದ ಬಂದು ಏಳು ತಿಂಗಳಾಗಿದೆ ಅಷ್ಟೆ. ಕೈಯಲ್ಲಿ ಧಾರೆ ಸೀರೆ. "ಆಂಟಿ, ಇದಕ್ಕೇನಾಗಿದೆ ನೋಡಿ" ಎಂದು ಅಂಗಡಿಯವರು ಕೊಟ್ಟ ಪ್ಲಾಸ್ಟಿಕ್ ಕವರಿನಿಂದಲೇ ಹೊರಗೆ ತೆಗೆದಳು. ತೆಗೆಯುವಾಗಲೇ ಮುಗ್ಗಲು ವಾಸನೆ. ಮಡಿಕೆಯ ಉದ್ದಕ್ಕೂ ಬಿಳಿ ಬಿಳಿ ಬೂಷ್ಟು. ಸೆರಗಿನ ಜರಿ ಒಂದು ಕಡೆ ಕಪ್ಪು. ನನಗೆ ಸಿಟ್ಟೂ ಬಂತು, ಹೊಟ್ಟೆಯೂ ಉರಿಯಿತು. ಈ ವರ್ಷ ನನ್ನ ಮುಂದೆ ಹೀಗೆ ಬಂದ ಮೂರನೇ ಸೀರೆ ಇದು. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳಿ ಸಾಕಾಯಿತು, ಅದಕ್ಕೇ ಬರೆಯಲು ಕೂತಿದ್ದೇನೆ.

ಇಲ್ಲಿಗೆ ಹೊಸದಾಗಿ ಬಂದವರೆಲ್ಲ ಸೆಕೆ, ಸೆಕೆ ಅನ್ನುತ್ತಾರೆ. ಸೆಕೆ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಮಧ್ಯಾಹ್ನದ ಬಿಸಿಲು 31, 32 ಡಿಗ್ರಿ, ಅಷ್ಟೇ. ರಾಯಚೂರಿನ ಏಪ್ರಿಲ್ ಕಂಡವರಿಗೆ ಇದು ಯಾವ ಲೆಕ್ಕ? ಮನೆ ಹಾಳು ಮಾಡುವುದು ಸೆಕೆ ಅಲ್ಲ, ಗಾಳಿಯೊಳಗಿನ ನೀರು. ಭೂಮಧ್ಯರೇಖೆಗೆ ಒಂದು ಡಿಗ್ರಿ ಚಿಲ್ಲರೆ ದೂರದಲ್ಲಿದ್ದೇವೆ, ಸುತ್ತ ಸಮುದ್ರ. ವರ್ಷದ ಸರಾಸರಿ ತೇವಾಂಶವೇ ನೂರಕ್ಕೆ 80ರ ಮೇಲೆ. ಬೆಳಗಿನ ಜಾವ 90 ದಾಟುವುದೂ ಮಾಮೂಲು. ಬೆಂಗಳೂರಿನಲ್ಲಿ ಬೀರುವಿನೊಳಗೆ ಸೀರೆ ಇಟ್ಟು ಎರಡು ವರ್ಷ ಮರೆತರೂ ಅದು ಹಾಗೇ ಇರುತ್ತದೆ. ಇಲ್ಲಿ ಹಾಳಾಗಲು ಎರಡು ತಿಂಗಳು ಸಾಕು.

ನಾನು ತೀರ್ಥಹಳ್ಳಿ ಕಡೆಯವಳು. 1995ರಲ್ಲಿ ಇಲ್ಲಿಗೆ ಬಂದಾಗ ಮೊದಲ ವಾರವೇ ಉಪ್ಪಿನ ಡಬ್ಬಿಗೆ ಕೈ ಹಾಕಿದೆ. ಉಪ್ಪು ಬೆರಳಿಗೆ ಅಂಟಿತು. ಓಹೋ, ಇದು ನಮ್ಮೂರಿನ ಆಷಾಢ, ಇಲ್ಲಿ ಹನ್ನೆರಡು ತಿಂಗಳೂ ಆಷಾಢ ಎಂದುಕೊಂಡೆ. ಅಲ್ಲಿಂದ ನನಗೆ ಯಾವ ಕಷ್ಟವೂ ಆಗಲಿಲ್ಲ. ಅಮ್ಮ ಮಾಡುತ್ತಿದ್ದುದನ್ನೇ ಮಾಡಿದೆ. ಊರಲ್ಲಿ ಆರಿದ್ರಾ ಮಳೆ ಹಿಡಿಯಿತೆಂದರೆ ಸರಿಯಾದ ಬಿಸಿಲು ಕಾಣುತ್ತಿದ್ದುದು ಗಣಪತಿ ಹಬ್ಬದ ಹೊತ್ತಿಗೆ. ಉಡುವ ಬಟ್ಟೆಯೆಲ್ಲ ಬಚ್ಚಲ ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲೇ ಒಣಗಬೇಕು. ಶಾಲೆಗೆ ಹೋದರೆ ಪಕ್ಕದವಳ ಲಂಗದಿಂದಲೂ ಹೊಗೆ ವಾಸನೆ, ನನ್ನ ಲಂಗದಿಂದಲೂ ಹೊಗೆ ವಾಸನೆ. ಹಪ್ಪಳ, ಹುಣಸೆಹಣ್ಣು ಅಡಿಗೆಮನೆಯ ಅಟ್ಟದಲ್ಲಿ. ಅಮ್ಮನ ನಾಲ್ಕು ರೇಷ್ಮೆ ಸೀರೆ ಮಾತ್ರ ಹೊಗೆಯಿಂದ ದೂರ, ನಡುಮನೆಯ ಮರದ ಪೆಟ್ಟಿಗೆಯಲ್ಲಿ. ಅವಕ್ಕೆ ಅವಳು ಮಾಡುತ್ತಿದ್ದ ಉಪಚಾರವನ್ನು ಆಮೇಲೆ ಹೇಳುತ್ತೇನೆ.

ಮೊದಲು ಬೀರು ಎಲ್ಲಿಟ್ಟಿದ್ದೀರಿ ನೋಡಿ. ಗೋಡೆಗೆ ಒತ್ತಿ ಇಟ್ಟಿರುತ್ತೀರಿ, ಜಾಗ ಉಳಿಯಲಿ ಅಂತ. ಗೋಡೆಯ ಆ ಕಡೆ ಇನ್ನೊಂದು ರೂಮು, ಅಲ್ಲಿ ರಾತ್ರಿಯಿಡೀ ಏಸಿ. ಗೋಡೆ ತಣ್ಣಗಾಗುತ್ತದೆ. ಬೆಚ್ಚಗಿನ ತೇವದ ಗಾಳಿ ಬೀರುವಿನ ಬೆನ್ನ ಹಿಂದೆ ಸಿಕ್ಕಿಕೊಂಡು ಆ ತಣ್ಣನೆ ಗೋಡೆಗೆ ತಾಗಿದರೆ ಬೆವರುತ್ತದೆ, ತಣ್ಣೀರಿನ ಲೋಟ ಬೆವರುವ ಹಾಗೆ. ಬೂಷ್ಟು ಶುರುವಾಗುವುದೇ ಅಲ್ಲಿ. ಒಂದು ಅಂಗೈ ಅಗಲ ಜಾಗ ಬಿಡಿ, ಗಾಳಿ ಓಡಾಡಲಿ. ಬೆಳಗ್ಗೆ ಏಸಿ ಆರಿಸಿದ ಕೂಡಲೇ ಕಿಟಕಿ ಪಟಪಟ ತೆಗೆಯುವ ಅಭ್ಯಾಸವನ್ನೂ ಬಿಡಿ. ತಣ್ಣಗಾದ ರೂಮಿಗೆ ಹೊರಗಿನ ಒದ್ದೆ ಗಾಳಿ ನುಗ್ಗಿ ಕನ್ನಡಿ, ಗೋಡೆ, ಬೀರು ಎಲ್ಲಕ್ಕೂ ಮೆತ್ತಿಕೊಳ್ಳುತ್ತದೆ. ಫ್ಯಾನ್ ಹಾಕಿ, ರೂಮು ಸ್ವಲ್ಪ ಬೆಚ್ಚಗಾಗಲಿ, ಆಮೇಲೆ ತೆಗೆಯಿರಿ.

ಹೊಸ ಎಚ್‌ಡಿಬಿ ಮನೆಗಳಲ್ಲಿ, ಅಂದರೆ ಸರ್ಕಾರ ಕಟ್ಟಿಸಿದ ಮನೆಗಳಲ್ಲಿ, ಬಾಂಬ್ ಶೆಲ್ಟರ್ ಅಂತ ಒಂದು ಪುಟ್ಟ ಕೋಣೆ ಇರುತ್ತದಲ್ಲ, ದಪ್ಪ ಕಾಂಕ್ರೀಟ್ ಗೋಡೆ, ಭಾರದ ಕಬ್ಬಿಣದ ಬಾಗಿಲು. ಎಲ್ಲರೂ ಅದನ್ನೇ ಉಗ್ರಾಣ ಮಾಡಿಕೊಳ್ಳುತ್ತಾರೆ. ಮಾಡಿಕೊಳ್ಳಿ. ಆದರೆ ಸೂಟ್‌ಕೇಸಿನಲ್ಲಿ ಸೀರೆ ತುಂಬಿ ಅದರೊಳಗಿಟ್ಟು ಬಾಗಿಲು ಹಾಕಿದರೆ ಮುಗಿಯಿತು. ಅಲ್ಲಿ ಗಾಳಿಯೇ ಆಡುವುದಿಲ್ಲ. ಬಕೆಟ್ಟು, ಏಣಿ, ಖಾಲಿ ಪೆಟ್ಟಿಗೆ ಇಡಿ. ಬಟ್ಟೆ, ಚರ್ಮದ ಚಪ್ಪಲಿ, ಮಕ್ಕಳ ಫೋಟೋ ಆಲ್ಬಮ್ ಬೇಡ.

ಇನ್ನು ಸೀರೆಯ ವಿಚಾರ. ಇದನ್ನು ನಾನು ಹೇಳಿದ ಹಾಗೇ ಮಾಡಬೇಕು, ಅರ್ಧಕ್ಕೆ ಬಿಟ್ಟರೆ ಏನೂ ಪ್ರಯೋಜನವಿಲ್ಲ.

ಮೊದಲು ಪಂಚೆ ಬೇಕು. ಹೊಸದಲ್ಲ, ಹಳೇದು. ಒಗೆದು ಒಗೆದು ಮೆತ್ತಗಾದ ಬಿಳಿ ಹತ್ತಿ ಪಂಚೆ, ಒಂದು ಸೀರೆಗೆ ಒಂದು ತುಂಡು. ಊರಿಗೆ ಹೋದಾಗ ಅಪ್ಪನದೋ ಮಾವನದೋ ಕೇಳಿ ತನ್ನಿ, ಸಂತೋಷದಿಂದ ಕೊಡುತ್ತಾರೆ. ಗಂಜಿ ಹಾಕಿದ್ದು ಬೇಡವೇ ಬೇಡ. ಗಂಜಿ ಅಂದರೆ ಅನ್ನ, ಬೂಷ್ಟಿಗೂ ಅದೇ ಊಟ, ಬಟ್ಟೆ ತಿನ್ನುವ ಹುಳಕ್ಕೂ ಅದೇ ಊಟ. ಪ್ಲಾಸ್ಟಿಕ್ ಕವರು, ಜಿಪ್ ಇರುವ ಸೀರೆ ಚೀಲ ಇವನ್ನೆಲ್ಲ ತೆಗೆದು ಹೊರಗಿಡಿ. ಒಳಗೆ ಹೋದ ತೇವ ಅದರಿಂದ ಹೊರಗೆ ಬರುವುದಿಲ್ಲ.

ದಿನ ನೋಡಬೇಕು. ಪಂಚಾಂಗ ಅಲ್ಲ, ಆಕಾಶ. ಹಿಂದಿನ ರಾತ್ರಿ ಮಳೆ ಬಂದಿರಬಾರದು, ಬೆಳಗ್ಗೆಯೂ ಬಂದಿರಬಾರದು. ಹತ್ತು ಗಂಟೆಯ ಮೊದಲು ಶುರು ಮಾಡಬೇಡಿ. ಇಲ್ಲಿ ಸೂರ್ಯ ಕಾಣುವುದೇ ಏಳರ ಹೊತ್ತಿಗೆ, ಗಾಳಿಯ ಒದ್ದೆ ಇಳಿಯಲು ಹೊತ್ತು ಬೇಕು. ನವೆಂಬರಿನಿಂದ ಜನವರಿವರೆಗೆ ಮಳೆ ಜಾಸ್ತಿ, ಆಗ ಒಂದು ಒಳ್ಳೇ ದಿನ ಸಿಕ್ಕರೆ ಬಿಡಬೇಡಿ. ಸುಮಾತ್ರಾ ಕಡೆ ಕಾಡಿಗೆ ಬೆಂಕಿ ಬಿದ್ದು ಅದರ ಹೊಗೆ ಇಲ್ಲಿ ಮುಸುಕಿದ ದಿನ ಮಾತ್ರ ಬೀರು ಮುಟ್ಟಲೇಬೇಡಿ. 2013ರ ಜೂನ್‌ನಲ್ಲಿ ಗಾಳಿ ಎಷ್ಟು ಕೆಟ್ಟಿದೆ ಎಂದು ಹೇಳುವ ಪಿಎಸ್‌ಐ ಅಳತೆ 401ಕ್ಕೆ ಹೋಗಿತ್ತು, ಎದುರಿನ ಬ್ಲಾಕ್ ಕಾಣುತ್ತಿರಲಿಲ್ಲ. ಆ ವಾರವೆಲ್ಲ ನಾನು ಬೀರುವಿನ ಬಾಗಿಲಿನ ಸಂದಿಗೂ ಬಟ್ಟೆ ತುರುಕಿ ಕೂತಿದ್ದೆ.

ರೂಮಿನ ಕಿಟಕಿ ಮುಚ್ಚಿ ಏಸಿಯನ್ನು ಡ್ರೈ ಮೋಡಿಗೆ ಹಾಕಿ. ರಿಮೋಟಿನಲ್ಲಿ ನೀರಿನ ಹನಿಯ ಚಿತ್ರ ಇರುತ್ತದೆ, ನಿಮ್ಮಲ್ಲಿ ಎಷ್ಟೋ ಜನ ಅದನ್ನು ಒಂದು ದಿನವೂ ಒತ್ತಿರುವುದಿಲ್ಲ. ಒಂದು ಗಂಟೆ ಓಡಲಿ. ಅಷ್ಟರಲ್ಲಿ ಪಂಚೆಗಳಿಗೆ ಇಸ್ತ್ರಿ ಹಾಕಿ, ನೀರು ಚಿಮುಕಿಸದೆ, ಆವಿ ಬಿಡದೆ, ಒಣ ಇಸ್ತ್ರಿ. ಸೀರೆಗಲ್ಲ ಕಣಮ್ಮ, ಪಂಚೆಗೆ! ಅಮ್ಮ ಇದನ್ನೇ ಬಚ್ಚಲ ಒಲೆಯ ಕೆಂಡದ ಮೇಲೆ ಮಾಡುತ್ತಿದ್ದಳು. ಹೊಗೆಯೆಲ್ಲ ಹೋಗಿ ಬರೀ ಕೆಂಡ ಉಳಿದಾಗ ನಾನೊಂದು ತುದಿ, ಅವಳೊಂದು ತುದಿ ಹಿಡಿದು ಪಂಚೆಯನ್ನು ಮೇಲೆ ಆಡಿಸುತ್ತಿದ್ದೆವು. "ಕೆನ್ನೆಗೆ ಹಿಡಿದು ನೋಡು" ಅನ್ನುತ್ತಿದ್ದಳು. ಒಣಗಿದ್ದರೆ ಕೆನ್ನೆಗೆ ಏನೂ ಅನಿಸುವುದಿಲ್ಲ. ತೇವ ಉಳಿದಿದ್ದರೆ ತಣ್ಣಗೆ ತಾಗುತ್ತದೆ. ಬೆರಳಿಗೆ ಅದು ತಿಳಿಯುವುದಿಲ್ಲ, ಕೆನ್ನೆಗೇ ತಿಳಿಯುತ್ತದೆ. ಈಗಲೂ ನಾನು ಹಾಗೇ ನೋಡುತ್ತೇನೆ. ಇಸ್ತ್ರಿ ಆದ ಪಂಚೆಯನ್ನು ಅದೇ ಒಣ ರೂಮಿನಲ್ಲಿ ಹರಡಿ ಪೂರ್ತಿ ಆರಲು ಬಿಡಿ. ಬಿಸಿ ಇರುವಾಗಲೇ ಸುತ್ತಿದರೆ ಒಳಗೇ ಬೆವರುತ್ತದೆ, ಆಗ ಮಾಡಿದ್ದೆಲ್ಲ ವ್ಯರ್ಥ.

ಈಗ ಕೈ ತೊಳೆದು, ಚೆನ್ನಾಗಿ ಒರೆಸಿಕೊಂಡು, ಬಳೆ ಉಂಗುರ ತೆಗೆದಿಟ್ಟು ಸೀರೆ ಬಿಡಿಸಿ. ಹಾಸಿಗೆಯ ಮೇಲೆ ಒಂದು ಬಿಳಿ ಬಟ್ಟೆ ಹಾಸಿ ಅದರ ಮೇಲೆ ಉಲ್ಟಾ ಹರಡಿ. ಫ್ಯಾನ್ ಸಣ್ಣಗೆ ಇರಲಿ. ಅರ್ಧ ಗಂಟೆ ಹಾಗೇ ಬಿಡಿ. ಬಿಸಿಲಿಗೆ ಹಾಕುತ್ತೇನೆ ಅನ್ನುವವರಿಗೆ ಒಂದು ಮಾತು: ಇಲ್ಲಿನ ಬಿಸಿಲು ನೆತ್ತಿಯ ಮೇಲಿಂದ ಬೀಳುತ್ತದೆ, ಬಣ್ಣ ಹೀರಿಬಿಡುತ್ತದೆ. ನೆರಳು, ಗಾಳಿ, ಅಷ್ಟೇ ಸಾಕು. ಸೀರೆ ಹರಡಿರುವಾಗ ಅಡಿಗೆಮನೆಯಲ್ಲಿ ಒಗ್ಗರಣೆ ಹಾಕಬೇಡಿ, ಎಣ್ಣೆಯ ಹೊಗೆ ನೇರ ರೇಷ್ಮೆಗೆ ಬಂದು ಕೂರುತ್ತದೆ.

ಅಡಿಗೆಮನೆ ಅಂದಾಗ ನೆನಪಾಯಿತು. ದೋಸೆ ಹಿಟ್ಟನ್ನು ರಾತ್ರಿ ರುಬ್ಬಿ ಕಟ್ಟೆಯ ಮೇಲಿಟ್ಟು ಮಲಗುತ್ತೀರಲ್ಲ, ಬೆಳಗ್ಗೆ ಅದು ಪಾತ್ರೆ ಬಿಟ್ಟು ನೆಲಕ್ಕೆ ಬಂದಿರುತ್ತದೆ. ಇಲ್ಲಿ ಐದಾರು ಗಂಟೆ ಧಾರಾಳ. ಮಧ್ಯಾಹ್ನ ರುಬ್ಬಿ, ರಾತ್ರಿ ಮಲಗುವ ಮುಂಚೆ ಫ್ರಿಜ್ಜಿಗೆ ಇಡಿ. ರವೆಯನ್ನು ತಂದ ದಿನವೇ ಹುರಿದಿಡಿ. ಇದನ್ನೂ ನಾನು ಹೇಳಿಕೊಡಬೇಕಾ?

ಮತ್ತೆ ಸೀರೆಗೆ ಬರೋಣ. ಮಡಚುವಾಗ ಹಳೇ ಗೆರೆಯ ಮೇಲೆ ಮಡಚಲೇಬಾರದು. ಹೋದ ಸಲ ಎರಡಾಗಿ ಮಡಚಿದ್ದರೆ ಈ ಸಲ ಮೂರಾಗಿ. ಒಂದೇ ಕಡೆ ಮಡಚಿ ಮಡಚಿ ಜರಿ ಎಳೆ ತುಂಡಾಗುತ್ತದೆ. ಜರಿ ಒಳಗೆ ಬರುವ ಹಾಗೆ, ಸೀರೆಯ ಹಿಂಬದಿ ಮೇಲೆ ಕಾಣುವ ಹಾಗೆ ಮಡಚಿ. ಒತ್ತಬೇಡಿ, ತಟ್ಟಬೇಡಿ. ಆಮೇಲೆ ಆರಿದ ಪಂಚೆಯಲ್ಲಿ ಮಗುವನ್ನು ಸುತ್ತುವ ಹಾಗೆ ಸಡಿಲವಾಗಿ ಸುತ್ತಿ. ಒಂದರ ಮೇಲೊಂದು ಮೂರಕ್ಕಿಂತ ಜಾಸ್ತಿ ಪೇರಿಸಬೇಡಿ, ತೂಕಕ್ಕೆ ಅಡಿಯ ಸೀರೆ ಉಸಿರಾಡುವುದಿಲ್ಲ.

ನುಸಿಗುಳಿಗೆ ಹಾಕಿದ್ದೀನಿ ಆಂಟಿ, ಏನೂ ಆಗಲ್ಲ ಅನ್ನುತ್ತಾರೆ. ನುಸಿಗುಳಿಗೆ ಹುಳಕ್ಕೆ, ತೇವಕ್ಕಲ್ಲ. ಅದು ಜರಿಗೆ ತಾಗಿದರೆ ಕಪ್ಪು ಕಲೆ ಖಂಡಿತ. ಒಳ್ಳೇ ಜರಿಯಲ್ಲಿ ಇರುವುದು ಬೆಳ್ಳಿ, ಮೇಲೆ ಚಿನ್ನದ ನೀರು. ದೇವರ ಮುಂದಿನ ಬೆಳ್ಳಿ ದೀಪ ಕಪ್ಪಾಗುವುದಿಲ್ಲವಾ? ಹಾಗೇ ಇದೂ. 1912ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ಮೈಸೂರಿನ ಕಾರ್ಖಾನೆಯ ಸೀರೆ ಇವತ್ತಿಗೂ ಅಸಲಿ ಜರಿಯದು. ಅಷ್ಟು ದುಡ್ಡು ಕೊಟ್ಟು ತಂದು ಅದರ ಮೇಲೆ ನುಸಿಗುಳಿಗೆ ಉರುಳಿಸುತ್ತೀರಲ್ಲ! ನಾನು ಇಡುವುದು ಲಾವಂಚದ ಬೇರು. ಸೆರಂಗೂನ್ ರಸ್ತೆಯ ಅಂಗಡಿಗಳಲ್ಲಿ ತಮಿಳಿನಲ್ಲಿ ವೆಟ್ಟಿವೇರ್ ಎಂದು ಕೇಳಿ. ಒಂದು ಮುಷ್ಟಿ ಬೇರು, ಜೊತೆಗೆ ನಾಲ್ಕಾರು ಲವಂಗ, ಹತ್ತಿ ಬಟ್ಟೆಯ ಪುಟ್ಟ ಗಂಟು. ಪಂಚೆಯ ಹೊರಗಿಡಬೇಕು, ಸೀರೆಗೆ ತಾಗಬಾರದು. ಬೇರನ್ನೂ ಮೊದಲು ಒಣ ರೂಮಿನಲ್ಲಿ ಒಂದು ದಿನ ಬಿಟ್ಟಿರಬೇಕು.

ತೇವ ಹೀರುವ ಉಪ್ಪಿನ ಹರಳಿನ ಡಬ್ಬಿಗಳು ಇಲ್ಲಿ ಎಲ್ಲ ಅಂಗಡಿಯಲ್ಲೂ ಸಿಗುತ್ತವೆ. ಒಳ್ಳೇದೇ. ನಾನೂ ಇಡುತ್ತೇನೆ. ಆದರೆ ಬೀರುವಿನ ತಳದಲ್ಲಿ, ಮೂಲೆಯಲ್ಲಿ, ಸೀರೆಗಿಂತ ಕೆಳಗೆ. ಹೀರಿದ ನೀರು ಡಬ್ಬಿಯಲ್ಲೇ ತುಂಬುತ್ತದೆ. ಒಮ್ಮೆ ನಾನು ಅದನ್ನು ಮೇಲಿನ ತಟ್ಟೆಯಲ್ಲಿಟ್ಟಿದ್ದೆ. ಸೂಟ್‌ಕೇಸ್ ಎಳೆಯುವಾಗ ಮಗುಚಿತು. ಆ ಅಂಟು ನೀರು ಅತ್ತೆ ಕೊಟ್ಟ ಹಸಿರು ಸೀರೆಯ ಮೇಲೆ ಬಿದ್ದು ಅಂಚಿನ ಹತ್ತಿರ ಬಟ್ಟೆ ಸುಕ್ಕುಗಟ್ಟಿ ಗಟ್ಟಿಯಾಯಿತು. ಅದು ಇನ್ನೂ ನನ್ನ ಹತ್ತಿರ ಇದೆ. ಉಡಲು ಮನಸ್ಸು ಬರುವುದಿಲ್ಲ, ಬಿಸಾಡಲೂ ಮನಸ್ಸು ಬರುವುದಿಲ್ಲ.

ಈ ಕೆಲಸ ಎರಡು ತಿಂಗಳಿಗೊಮ್ಮೆ. ಉಟ್ಟ ಸೀರೆಗೆ ಬೇರೆ ಲೆಕ್ಕ. ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಉಟ್ಟು ರಾತ್ರಿ ಹನ್ನೊಂದಕ್ಕೆ ಮನೆಗೆ ಬಂದು ಹಾಗೇ ಮಡಚಿ ಒಳಗಿಡುತ್ತೀರಿ. ಬೆವರು, ಸೆಂಟು, ಕುಂಕುಮ ಎಲ್ಲ ಸೀರೆಯಲ್ಲೇ! ಮೊದಲು ಪಿನ್ನುಗಳನ್ನು ಎಣಿಸಿ ತೆಗೆಯಿರಿ. ಒಂದು ಒಳಗೆ ಉಳಿದರೂ ವಾರದಲ್ಲಿ ತುಕ್ಕಿನ ಕಲೆ. ಆಮೇಲೆ ಎರಡು ಕುರ್ಚಿಯ ಬೆನ್ನಿನ ಮೇಲೆ ಹರಡಿ ಫ್ಯಾನಿನ ಕೆಳಗೆ ಬಿಡಿ, ಮಾರನೇ ದಿನ ಮಡಚಿದರಾಯಿತು. ಬೂಷ್ಟು ಆಗಲೇ ಬಂದಿದ್ದರೆ ಒದ್ದೆ ಬಟ್ಟೆಯಲ್ಲಿ ಉಜ್ಜಬೇಡಿ, ಅದು ಇನ್ನಷ್ಟು ಒಳಗೆ ಇಳಿಯುತ್ತದೆ. ನೆರಳಲ್ಲಿ ಪೂರ್ತಿ ಒಣಗಿಸಿ, ಮನೆಯ ಹೊರಗೆ ಹೋಗಿ ಮೆತ್ತನೆ ಬ್ರಷ್ಷಿನಿಂದ ಉದುರಿಸಿ, ನೇರ ಡ್ರೈಕ್ಲೀನಿಗೆ. ಕೆಳಗಿನ ಮಹಡಿಯ ಹುಡುಗಿಯ ಸೀರೆ ಹೀಗೆ ಮಾಡಿಯೇ ಉಳಿಯಿತು. ಜರಿಯ ಕಪ್ಪು ಮಾತ್ರ ಹೋಗಲಿಲ್ಲ.

ದಿನದ ಬಟ್ಟೆಗೆ ಇಷ್ಟು ಉಪಚಾರ ಬೇಡ. ಕಿಟಕಿಯ ಹೊರಗೆ ಬಿದಿರಿನ ಗಳ ಚಾಚಿ ಒಣಗಿಸುವ ಇಲ್ಲಿನ ಪದ್ಧತಿ ನನಗೆ ಬಹಳ ಇಷ್ಟ, ನಮ್ಮಲ್ಲಿ ಮಡಿಬಟ್ಟೆಗೆ ಗಳ ಕಟ್ಟುತ್ತಿದ್ದ ಹಾಗೆ. ನೀರು ಚೆನ್ನಾಗಿ ಹಿಂಡಿ, ಕೆಳಗಿನವರ ಬಟ್ಟೆಗೆ ತೊಟ್ಟಿಕ್ಕಬಾರದು. ರಾತ್ರಿ ಹೊರಗೆ ಬಿಡಬೇಡಿ. ಏಪ್ರಿಲ್‌ನಿಂದ ನವೆಂಬರ್‌ವರೆಗೆ ಸುಮಾತ್ರಾದ ಕಡೆಯಿಂದ ಗಾಳಿಮಳೆ ಬರುವುದು ಹೆಚ್ಚಾಗಿ ಬೆಳಗಿನ ಜಾವಕ್ಕೇ. ಗಳ ತೆಗೆದ ಮೇಲೆ ಅದನ್ನು ಸಿಕ್ಕಿಸುವ ತೂತುಗಳಿಗೆ ಮುಚ್ಚಳ ಹಾಕಿ. ಅಲ್ಲಿ ನಿಂತ ನೀರೇ ಡೆಂಗಿ ಸೊಳ್ಳೆಗೆ ತೊಟ್ಟಿಲು. ತುಳಸಿ ಕುಂಡದ ತಟ್ಟೆಯ ನೀರನ್ನು ದಿನ ಬಿಟ್ಟು ದಿನ ಚೆಲ್ಲಿ. ತಪಾಸಣೆಯವರು ಮನೆಯೊಳಗೇ ಬಂದು ನೋಡುತ್ತಾರೆ, ಮರಿ ಸಿಕ್ಕರೆ ದಂಡ.

ರಜೆಗೆ ಊರಿಗೆ ಹೋಗುವವರು, ಹೊರಡುವ ಹಿಂದಿನ ದಿನ ಸೀರೆಗಳಿಗೆ ಇದನ್ನೆಲ್ಲ ಮಾಡಿ ಮುಗಿಸಿ. ಬೀರುವಿನ ಬಾಗಿಲನ್ನು ಒಂದು ಬೆರಳಷ್ಟು ತೆರೆದೇ ಬಿಡಿ. ಬಚ್ಚಲಿನ ನೀರು ಹೋಗುವ ಜಾಲರಿ ಮುಚ್ಚಿ, ಕಮೋಡಿನ ಮುಚ್ಚಳ ಹಾಕಿ. ತೇವ ಹೀರುವ ಡಬ್ಬಿಯ ನೀರು ಚೆಲ್ಲಿ ಹೊಸದು ಇಡಿ. ಬೀಗದ ಕೈಯನ್ನು ನಂಬಿಕೆಯ ನೆರೆಯವರಿಗೆ ಕೊಟ್ಟು, ವಾರಕ್ಕೊಮ್ಮೆ ಬಂದು ಫ್ಯಾನ್ ಹಾಕಿ ಅರ್ಧ ಗಂಟೆ ಕೂತು ಹೋಗಿ ಅಂತ ಹೇಳಿ. ನಮ್ಮ ಬ್ಲಾಕಿನವರಾದರೆ ನನಗೇ ಕೊಡಿ, ಹತ್ತನೇ ಮಹಡಿ, ಬಾಗಿಲ ಮುಂದೆ ರಂಗೋಲಿ ಇರುವ ಮನೆ.