ನ್ಯುಮೋಕಾಕಲ್ ಲಸಿಕೆ: ತೊಟ್ಟಿಲ ಮಗುವಿಗೆ ಮತ್ತು ಮನೆಯ ಹಿರಿಯರಿಗೆ ಹಾಕಿಸುವ ಕ್ರಮ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಭಾಗದಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವುದು ರೂಢಿ. ರಾಣೆಬೆನ್ನೂರಿನಲ್ಲಿ ಹುಟ್ಟಿದ ಮಗು ಆರನೆಯ ವಾರದ ಲಸಿಕೆಯನ್ನು ಅಲ್ಲಿಯೇ ಪಡೆದು, ಮೂರನೆಯ ಅಥವಾ ಐದನೆಯ ತಿಂಗಳಿಗೆ ತಾಯಿಯೊಡನೆ ನವಲಗುಂದಕ್ಕೋ ಅಣ್ಣಿಗೇರಿಗೋ ಹೋಗುತ್ತದೆ. ನ್ಯುಮೋನಿಯಾ, ಮೆದುಳಿನ ಪೊರೆಯ ಸೋಂಕು ಮುಂತಾದವನ್ನು ತರುವ ನ್ಯುಮೋಕಾಕಸ್ ಎಂಬ ಬ್ಯಾಕ್ಟೀರಿಯಾವನ್ನು ತಡೆಯುವ ನ್ಯುಮೋಕಾಕಲ್ ಕಾಂಜುಗೇಟ್ ಲಸಿಕೆಯ, ಅಂದರೆ ಪಿಸಿವಿಯ, ಎರಡನೆಯ ಡೋಸ್ ಬೀಳಬೇಕಾದ ಹದಿನಾಲ್ಕನೆಯ ವಾರ ಈ ಓಡಾಟದ ನಡುವೆಯೇ ಬರುತ್ತದೆ. ಆದ್ದರಿಂದ ತೊಟ್ಟಿಲು, ಬಟ್ಟೆಬರೆಗಿಂತ ಮೊದಲು ತಾಯಿ ಕಾರ್ಡನ್ನು ಚೀಲಕ್ಕೆ ಹಾಕಿಕೊಳ್ಳುವುದು ಒಳ್ಳೆಯದು. ಹೋಗುವ ಊರಿನ ಆಶಾ ಕಾರ್ಯಕರ್ತೆಗೆ ಮುಂಚೆಯೇ ತಿಳಿಸಿ, ಅಲ್ಲಿ ಲಸಿಕೆ ಹಾಕುವ ದಿನ ಯಾವುದೆಂದು ಕೇಳಿಟ್ಟುಕೊಳ್ಳಿರಿ. ದುಡಿಯಲು ಗೋವಾ ಅಥವಾ ಮಂಗಳೂರಿಗೆ ಹೋಗುವ ಕುಟುಂಬಗಳಿಗೂ ಇದೇ ಮಾತು ಅನ್ವಯಿಸುತ್ತದೆ, ಏಕೆಂದರೆ ಸರ್ಕಾರಿ ಕೇಂದ್ರಗಳಲ್ಲಿ ಈ ಲಸಿಕೆ ಎಲ್ಲ ರಾಜ್ಯಗಳಲ್ಲಿಯೂ ಉಚಿತವಾಗಿ ದೊರೆಯುತ್ತದೆ.

ಭಾರತದಲ್ಲಿ ಪಿಸಿವಿಯನ್ನು 2017ರಲ್ಲಿ ಹಿಮಾಚಲ ಪ್ರದೇಶ ಹಾಗೂ ಉತ್ತರ ಪ್ರದೇಶ, ಬಿಹಾರದ ಕೆಲವು ಜಿಲ್ಲೆಗಳಲ್ಲಿ ಆರಂಭಿಸಿ, 2021ರಲ್ಲಿ ದೇಶಕ್ಕೆಲ್ಲ ವಿಸ್ತರಿಸಲಾಯಿತು. ಸರ್ಕಾರಿ ವೇಳಾಪಟ್ಟಿಯಂತೆ ಮಗುವಿಗೆ 6ನೆಯ ವಾರ, 14ನೆಯ ವಾರ ಮತ್ತು 9ನೆಯ ತಿಂಗಳು ಎಂದು ಮೂರು ಡೋಸ್‌ಗಳಿವೆ. 10ನೆಯ ವಾರ ಪೆಂಟಾವೇಲೆಂಟ್, ಅಂದರೆ ಐದು ರೋಗಗಳ ವಿರುದ್ಧದ ಲಸಿಕೆ, ಇದ್ದರೂ ಪಿಸಿವಿ ಇರುವುದಿಲ್ಲ. ಕಾರ್ಡಿನಲ್ಲಿ ಆ ಜಾಗ ಖಾಲಿ ಇದ್ದರೆ ನರ್ಸ್ ಮರೆತರೆಂದು ತಿಳಿಯಬೇಕಾಗಿಲ್ಲ. ಖಾಸಗಿ ಮಕ್ಕಳ ವೈದ್ಯರು ಸಾಮಾನ್ಯವಾಗಿ 10ನೆಯ ವಾರವೂ ಒಂದು ಡೋಸ್ ಕೊಟ್ಟು, ಬೂಸ್ಟರನ್ನು 12ರಿಂದ 15ನೆಯ ತಿಂಗಳಿನಲ್ಲಿ ಹಾಕುತ್ತಾರೆ. ಎರಡು ಕ್ರಮಗಳೂ ಸರಿಯೇ. ಅರ್ಧ ಅಲ್ಲಿ ಅರ್ಧ ಇಲ್ಲಿ ಹಾಕಿಸಿದವರು ಎರಡೂ ಕಡೆಯ ದಾಖಲೆಗಳನ್ನು ತೋರಿಸಬೇಕು. ಒಂದೇ ಕಂಪನಿಯ ಲಸಿಕೆಯನ್ನು ಮುಂದುವರಿಸುವುದು ಉತ್ತಮವಾದರೂ ಅದು ಸಿಗದಿದ್ದರೆ ಬೇರೆಯದರಿಂದ ಪೂರ್ತಿಗೊಳಿಸಬಹುದು. ಡೋಸ್ ತಡವಾದರೆ ಮೊದಲಿನಿಂದ ಆರಂಭಿಸುವ ಅಗತ್ಯವಿಲ್ಲ, ಬಿಟ್ಟಲ್ಲಿಂದ ಮುಂದುವರಿಸಬೇಕು. ಆದರೆ ಮಗುವಿಗೆ ವರ್ಷ ತುಂಬುವ ಮೊದಲೇ ಲಸಿಕೆ ಶುರುವಾಗಿರುವಂತೆ ನೋಡಿಕೊಳ್ಳಿರಿ.

ಲಸಿಕೆ ಹಾಕುವಾಗ ಗಮನಿಸಬೇಕಾದದ್ದು ಹೆಚ್ಚಿಲ್ಲ. ನರ್ಸ್ ಸೀಸೆಯನ್ನು ಚೆನ್ನಾಗಿ ಕುಲುಕುತ್ತಾರೆ. ತಳದಲ್ಲಿ ಕುಳಿತಿದ್ದ ಬಿಳಿಯ ಅಂಶ ಬೆರೆತು ದ್ರವವೆಲ್ಲ ಮಬ್ಬು ಬಿಳಿಯಾಗುತ್ತದೆ, ಅದು ಹಾಗೆಯೇ ಇರಬೇಕು. ಅರ್ಧ ಮಿಲಿಲೀಟರ್ ಲಸಿಕೆ ಬಲತೊಡೆಯ ಸ್ನಾಯುವಿಗೆ ಹೋಗುತ್ತದೆ, ಪೆಂಟಾವೇಲೆಂಟ್ ಎಡತೊಡೆಗೆ. ಒಂದೇ ದಿನ ಇಷ್ಟು ಚುಚ್ಚುವುದನ್ನು ಕಂಡು ಅಜ್ಜಿಯರು ಬೇಸರಪಡುವುದು ಸಹಜ. ಆದರೆ ಒಟ್ಟಿಗೆ ಕೊಡುವುದರಿಂದ ಯಾವ ಲಸಿಕೆಯ ಬಲವೂ ಕುಂದುವುದಿಲ್ಲ. ಬಳಿಕ ಅರ್ಧ ಗಂಟೆ ಅಲ್ಲಿಯೇ ಕುಳಿತು ಮಗುವಿಗೆ ಎದೆಹಾಲು ಕುಡಿಸಿರಿ. ತೀವ್ರ ಅಲರ್ಜಿ ಅತಿ ವಿರಳ, ಆದರೆ ಬರುವುದಾದರೆ ಸಾಮಾನ್ಯವಾಗಿ ಆ ಅವಧಿಯಲ್ಲಿಯೇ ಕಾಣಿಸಿಕೊಳ್ಳುತ್ತದೆ.

ಮನೆಗೆ ಬಂದ ಮೇಲೆ ಒಂದೆರಡು ದಿನ ಚುಚ್ಚಿದ ಜಾಗದಲ್ಲಿ ನೋವು, ಕೆಂಪು, ಬಾವು, ಸಣ್ಣ ಜ್ವರ, ಕಿರಿಕಿರಿ, ಹೆಚ್ಚು ನಿದ್ದೆ ಇರಬಹುದು. ಆ ಜಾಗಕ್ಕೆ ಎಣ್ಣೆ, ಅರಿಸಿನ, ಸುಣ್ಣ ಯಾವುದನ್ನೂ ಹಚ್ಚಬಾರದು, ತಿಕ್ಕಲೂಬಾರದು. ಜ್ವರ ಬಂದರೆ ಮಗುವಿನ ತೂಕಕ್ಕೆ ತಕ್ಕಂತೆ ನರ್ಸ್ ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಕೊಡಿರಿ. ಜ್ವರ ಬರುವ ಮುಂಚೆಯೇ ಅದನ್ನು ಕುಡಿಸಿಬಿಡುವುದು ಬೇಡ, ಏಕೆಂದರೆ ಹಾಗೆ ಮಾಡಿದಾಗ ಲಸಿಕೆಗೆ ದೇಹ ತೋರುವ ಪ್ರತಿಕ್ರಿಯೆ ಸ್ವಲ್ಪ ತಗ್ಗಿದ್ದು ಅಧ್ಯಯನದಲ್ಲಿ ಕಂಡುಬಂದಿದೆ. ಮಗು ಎಡೆಬಿಡದೆ ಗಂಟೆಗಟ್ಟಲೆ ಅತ್ತರೆ, ಫಿಟ್ಸ್ ಬಂದರೆ, ಜ್ವರ ಎರಡು ದಿನವಾದರೂ ಇಳಿಯದಿದ್ದರೆ ವೈದ್ಯರಲ್ಲಿಗೆ ಹೋಗಲೇಬೇಕು. ನೆಗಡಿ, ಸಣ್ಣ ಕೆಮ್ಮು ಇದ್ದರೆ ಲಸಿಕೆಯನ್ನು ಮುಂದೂಡಬೇಕಾಗಿಲ್ಲ. ಹಿಂದಿನ ಡೋಸ್‌ಗೆ ಅಥವಾ ಡಿಫ್ತೀರಿಯಾ ಅಂಶವಿರುವ ಲಸಿಕೆಗೆ ತೀವ್ರ ಅಲರ್ಜಿ ಆಗಿದ್ದರೆ ಮಾತ್ರ ಅದನ್ನು ಮೊದಲೇ ತಿಳಿಸಬೇಕು.

ಲಸಿಕೆ ಹಾಕಿಸಿದರೂ ಮಗುವಿಗೆ ನ್ಯುಮೋನಿಯಾ ಬಂತೆಂಬ ದೂರನ್ನು ಆಗಾಗ ಕೇಳುತ್ತೇವೆ. ದೂರು ಸುಳ್ಳಲ್ಲ, ಆದರೆ ಅದರಿಂದ ಲಸಿಕೆ ವ್ಯರ್ಥವೆಂದು ತೀರ್ಮಾನಿಸುವುದು ತಪ್ಪು. ನ್ಯುಮೋನಿಯಾ ತರುವ ಸೂಕ್ಷ್ಮಜೀವಿಗಳು ಹಲವು, ವೈರಸ್‌ಗಳೂ ಅದರಲ್ಲಿವೆ. ನ್ಯುಮೋಕಾಕಸ್ ಒಂದರಲ್ಲಿಯೇ 90ಕ್ಕೂ ಹೆಚ್ಚು ಬಗೆಗಳಿದ್ದು, ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸುವ ನ್ಯುಮೋಸಿಲ್ ಎಂಬ ಪಿಸಿವಿ ಅವುಗಳಲ್ಲಿ ರೋಗಕ್ಕೆ ಹೆಚ್ಚು ಕಾರಣವಾಗುವ 10 ಬಗೆಗಳನ್ನು ತಡೆಯುತ್ತದೆ. ರಕ್ತಕ್ಕೆ ಮತ್ತು ಮೆದುಳಿನ ಪೊರೆಗೆ ಹಬ್ಬುವ ಸೋಂಕಿನ ವಿರುದ್ಧ ಈ ಲಸಿಕೆಯ ರಕ್ಷಣೆ ಬಲು ಗಟ್ಟಿ. ಒಟ್ಟಾರೆ ನ್ಯುಮೋನಿಯಾದ ವಿರುದ್ಧ ಅಷ್ಟಿಲ್ಲ. ಲಸಿಕೆ ಪಡೆದ ಮಕ್ಕಳ ಗಂಟಲು, ಮೂಗಿನಲ್ಲಿ ಈ ಬಗೆಗಳು ನೆಲೆಸುವುದು ಕಡಿಮೆಯಾಗುವುದರಿಂದ ಅದೇ ಮನೆಯ ಅಜ್ಜ-ಅಜ್ಜಿಗೂ ಸ್ವಲ್ಪ ರಕ್ಷಣೆ ಸಿಗುತ್ತದೆ. ಹೀಗಿದ್ದರೂ ಎರಡು ತಿಂಗಳಿನಿಂದ ಒಂದು ವರ್ಷದೊಳಗಿನ ಮಗು ನಿಮಿಷಕ್ಕೆ 50 ಅಥವಾ ಅದಕ್ಕಿಂತ ಹೆಚ್ಚು ಬಾರಿ ಉಸಿರಾಡುತ್ತಿದ್ದರೆ, ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಸೆಳೆಯುತ್ತಿದ್ದರೆ, ಬರೆ ಹಾಕಿಸುವ ಹಳೆಯ ದಾರಿ ಹಿಡಿಯದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಹಿರಿಯರ ವಿಷಯ ಬೇರೆ. ಸರ್ಕಾರದ ಉಚಿತ ಕಾರ್ಯಕ್ರಮ ಮಕ್ಕಳಿಗಷ್ಟೇ ಇರುವುದರಿಂದ ದೊಡ್ಡವರು ವೈದ್ಯರ ಸಲಹೆಯಂತೆ ಹಣ ಕೊಟ್ಟು ಹಾಕಿಸಿಕೊಳ್ಳಬೇಕು. ವಯಸ್ಸು 65 ದಾಟಿದವರು, ಮತ್ತು ವಯಸ್ಸೆಷ್ಟೇ ಇರಲಿ ಸಕ್ಕರೆ ಕಾಯಿಲೆ, ಹೃದಯ, ಶ್ವಾಸಕೋಶ ಅಥವಾ ಮೂತ್ರಪಿಂಡದ ದೀರ್ಘಕಾಲದ ಕಾಯಿಲೆ ಇರುವವರು ಈ ಮಾತನ್ನು ವೈದ್ಯರ ಬಳಿ ತಾವಾಗಿಯೇ ಎತ್ತಬೇಕು, ಏಕೆಂದರೆ ಜನಸಂದಣಿಯ ಹೊರರೋಗಿ ವಿಭಾಗದಲ್ಲಿ ಅದು ತಾನಾಗಿ ಬರುವುದು ಅಪರೂಪ. ನೆದರ್ಲೆಂಡ್ಸ್‌ನಲ್ಲಿ 65 ದಾಟಿದ ಸುಮಾರು 85,000 ಜನರಲ್ಲಿ 13 ಬಗೆಗಳ ಲಸಿಕೆಯನ್ನು ಪರೀಕ್ಷಿಸಿದ ಕ್ಯಾಪಿಟಾ ಅಧ್ಯಯನದಲ್ಲಿ, ಆ ಬಗೆಗಳಿಂದ ಬರುವ ನ್ಯುಮೋನಿಯಾ ಶೇ. 45ರಷ್ಟು, ರಕ್ತಕ್ಕೆ ಹಬ್ಬುವಂಥ ಸೋಂಕು ಶೇ. 75ರಷ್ಟು ತಗ್ಗಿತು. ಈ 13 ಬಗೆಗಳ ಲಸಿಕೆ ಪಡೆದವರಿಗೆ ಒಂದು ವರ್ಷದ ನಂತರ 23 ಬಗೆಗಳ ಪಾಲಿಸ್ಯಾಕರೈಡ್ (ರೋಗಾಣುವಿನ ಹೊರಪದರದ ಸಕ್ಕರೆ ಅಂಶದಿಂದ ಮಾಡಿದ) ಲಸಿಕೆಯನ್ನು ಕೊಡಲಾಗುತ್ತದೆ. ರೋಗನಿರೋಧಕ ಶಕ್ತಿ ಕುಂದಿದವರಿಗೆ ಈ ಅಂತರ ಎಂಟು ವಾರಕ್ಕೆ ಇಳಿಯಬಹುದು. 20 ಬಗೆಗಳ ಕಾಂಜುಗೇಟ್ ಲಸಿಕೆಯಾದರೆ ಒಂದೇ ಡೋಸ್ ಸಾಕು. ಫ್ಲೂ ಲಸಿಕೆಯನ್ನು ಅದೇ ದಿನ ಇನ್ನೊಂದು ತೋಳಿಗೆ ಹಾಕಿಸಿಕೊಳ್ಳಬಹುದು.

ಹುಬ್ಬಳ್ಳಿಯ ಔಷಧ ಅಂಗಡಿಯಲ್ಲಿ ಲಸಿಕೆ ಕೊಂಡು, ಏಪ್ರಿಲ್ ಬಿಸಿಲಿನಲ್ಲಿ ಬಸ್ಸು ಹತ್ತಿ ಕಲಘಟಗಿಯ ಡಾಕ್ಟರಲ್ಲಿಗೆ ಒಯ್ಯುವುದು ನನ್ನ ಮಟ್ಟಿಗೆ ದುಡ್ಡು ಕಳೆಯುವ ದಾರಿ. ಈ ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು, ಹೆಪ್ಪುಗಟ್ಟಿದರೂ ಕೆಡುತ್ತದೆ. ಫ್ರಿಜ್ಜಿನಿಂದ ತೆಗೆದು ಅಲ್ಲಿಯೇ ಹಾಕುವ ಆಸ್ಪತ್ರೆಯನ್ನು ಆರಿಸಿಕೊಂಡು, ಲಸಿಕೆಯ ಹೆಸರು, ಬ್ಯಾಚ್ ಸಂಖ್ಯೆ, ದಿನಾಂಕಗಳನ್ನು ಬರೆಸಿಕೊಂಡು, ಆ ಚೀಟಿಯನ್ನು ಬಿಪಿ-ಶುಗರ್ ಫೈಲಿನಲ್ಲಿಯೇ ಇಡಿರಿ. ಮುಂದಿನ ಡೋಸ್ ಬೇಕೇ ಬೇಡವೇ ಎಂಬುದನ್ನು ವೈದ್ಯರು ಆ ಚೀಟಿ ನೋಡಿಯೇ ನಿರ್ಧರಿಸುತ್ತಾರೆ.