ಕರೆಂಟು ಬಂದ ಮೇಲೆ ತಾನೇ ಏಳುವ ಸರ್ವರ್

ಬೆಳಗಾವಿಯ ಜುಲೈ ಮಳೆ. ಬೆಳಿಗ್ಗೆ ಏಳೂವರೆಗೆ ಉದ್ಯಮಬಾಗ್‌ನ ಒಂದು ಫೌಂಡ್ರಿಯಿಂದ ಫೋನು ಬಂತು. ‘ಸರ್ರ, ರಾತ್ರಿ ಕರೆಂಟ್ ಹೋಗಿತ್ರಿ. ಈಗ ಬಂದೈತಿ, ಮಷಿನ್ನೆಲ್ಲಾ ಚಾಲೂ ಆಗ್ಯಾವು. ಸರ್ವರ್ ಅಷ್ಟ ಬರವಲ್ದು. ಡ್ರಾಯಿಂಗ್ ಇಲ್ದ ಪ್ಯಾಟರ್ನ್ ಶಾಪ್‌ನವ್ರು ಸುಮ್ನ ಕುಂತಾರ್ರಿ.’

ಆ ಸರ್ವರನ್ನು ಮೂರು ವಾರದ ಹಿಂದೆ ಕೂಡಿಸಿ ಬಂದವನು ನಾನೇ. ಹೋಗಿ ನೋಡಿದರೆ ಯಂತ್ರ ಕೆಟ್ಟಿರಲಿಲ್ಲ. ಬ್ಯಾಕಪ್ಪಿಗೆಂದು ಹಚ್ಚಿದ್ದ ಹೊರಗಿನ ಹಾರ್ಡ್‌ಡಿಸ್ಕನ್ನು ಅಕೌಂಟೆಂಟ್ ಮನೆಗೆ ಒಯ್ದಿದ್ದರು. ಅದು ಸಿಗಲಿಲ್ಲವೆಂದು ಸರ್ವರ್ ಅರ್ಧಕ್ಕೇ ನಿಂತು, ಪರದೆಯ ಮೇಲೆ ದೋಷದ ಸಂದೇಶ ತೋರಿಸುತ್ತ ಕೂತಿತ್ತು. ಒಂದು ಫೈಲಿನಲ್ಲಿ ಒಂದೇ ಒಂದು ಪದ ಸೇರಿಸುವುದನ್ನು ನಾನು ಬಿಟ್ಟಿದ್ದೆ. ಆ ಪದ ಯಾವುದೆಂದು ಮುಂದೆ ಹೇಳುತ್ತೇನೆ.

ಸರ್ವರ್ ಎಂದರೆ ಎದುರಿಗೆ ಯಾರೂ ಕೂರದ ಕಂಪ್ಯೂಟರ್. ಮನೆಯ ಕಂಪ್ಯೂಟರು ಏನಾದರೂ ಕೇಳಿದರೆ ಉತ್ತರ ಕೊಡಲು ಒಬ್ಬರು ಇರುತ್ತಾರೆ. ಇದಕ್ಕೆ ಯಾರೂ ಇರುವುದಿಲ್ಲ. ಹಾಗಾಗಿ ಆಪರೇಟಿಂಗ್ ಸಿಸ್ಟಮ್ ಹಾಕುವಾಗ ಪ್ರತಿ ಹೆಜ್ಜೆಗೂ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ರಾತ್ರಿ ಎರಡಕ್ಕೆ ಕರೆಂಟು ಹೋಗಿ ಮೂರಕ್ಕೆ ಬಂದರೆ ಇದು ತಾನೇ ಎದ್ದು ಕೆಲಸ ಹಿಡಿಯುತ್ತದೆಯೆ?

ಇಲ್ಲಿ ಹೇಳುತ್ತಿರುವುದು ಹತ್ತು–ಹದಿನೈದು ಕಂಪ್ಯೂಟರ್ ಇರುವ ಕಾರ್ಖಾನೆ, ಶಾಲೆ, ಪತ್ತಿನ ಸಂಘ, ಸೀರೆ ಅಂಗಡಿಯಂಥ ಕಡೆ ಎಲ್ಲರ ಫೈಲುಗಳನ್ನು ಒಂದೆಡೆ ಇಡುವ ಸರ್ವರ್ ಬಗ್ಗೆ. ನಾನು ಹಾಕುವುದು ಡೆಬಿಯನ್ 13 ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್. ‘ಟ್ರಿಕ್ಸಿ’ ಎಂಬ ಹೆಸರಿನ ಈ ಆವೃತ್ತಿ 2025ರ ಆಗಸ್ಟ್ 9ರಂದು ಹೊರಬಂತು. ದುಡ್ಡು ಕೊಡಬೇಕಿಲ್ಲ, ಲೈಸೆನ್ಸ್ ಗೊಡವೆಯಿಲ್ಲ. ಸಾಮಾನ್ಯ ಬೆಂಬಲ ಮೂರು ವರ್ಷ, ಅದರ ಮೇಲೆ ದೀರ್ಘಾವಧಿ ಬೆಂಬಲ ಎರಡು ವರ್ಷ, ಒಟ್ಟು ಐದು ವರ್ಷ ಭದ್ರತಾ ತಿದ್ದುಪಡಿಗಳು ಬರುತ್ತವೆ. 32 ಬಿಟ್ಟಿನ ಹಳೆಯ ಯಂತ್ರಗಳಿಗೆ ಈ ಆವೃತ್ತಿಯ ಇನ್‌ಸ್ಟಾಲರ್ ಇಲ್ಲ ಎಂಬುದು ನೆನಪಿರಲಿ.

ಹಾಕುವ ಮೊದಲು

ಜಾಗದಿಂದ ಶುರು ಮಾಡಿ. ಫೌಂಡ್ರಿಯ ಮೋಲ್ಡಿಂಗ್ ಮರಳಿನ ಧೂಳು, ಗ್ರೈಂಡಿಂಗ್‌ನಿಂದ ಹಾರುವ ಕಬ್ಬಿಣದ ಪುಡಿ ಎರಡೂ ಕಂಪ್ಯೂಟರಿಗೆ ವೈರಿಗಳು. ಮರಳು ಫ್ಯಾನಿನಲ್ಲಿ ಕಟ್ಟಿಕೊಂಡು ಬಿಸಿ ಏರಿಸುತ್ತದೆ. ಕಬ್ಬಿಣದ ಪುಡಿಯಲ್ಲಿ ವಿದ್ಯುತ್ ಹರಿಯುವುದರಿಂದ ಬೋರ್ಡಿನ ಮೇಲೆ ಕೂತರೆ ಶಾರ್ಟ್ ಆಗುವ ಭಯ. ಆಫೀಸಿನ ಒಳಕೋಣೆಯಲ್ಲಿ, ಮಳೆಗಾಲಕ್ಕೆ ತೇವ ಜಿನುಗುವ ಗೋಡೆಯಿಂದ ದೂರ, ನೆಲದಿಂದ ಮೇಲೆ ಒಂದು ಸ್ಟ್ಯಾಂಡಿನಲ್ಲಿ ಇಡಿ.

ಯಂತ್ರ ದೊಡ್ಡದಿರಬೇಕಿಲ್ಲ. 64 ಬಿಟ್ ಪ್ರೊಸೆಸರ್, 8 ಜಿಬಿ ರ‍್ಯಾಮ್ ಇದ್ದರೆ ಈ ಕೆಲಸಕ್ಕೆ ಧಾರಾಳ. ಹಾರ್ಡ್‌ಡಿಸ್ಕ್ ಮಾತ್ರ ಎರಡು ಬೇಕೇ ಬೇಕು, ಎರಡೂ ಒಂದೇ ಅಳತೆಯವು.

ಹಳೆಯ ಕಂಪ್ಯೂಟರಿನ ಫೈಲುಗಳನ್ನೆಲ್ಲ ಹೊರಗಿನ ಡಿಸ್ಕಿಗೆ ನಕಲು ಮಾಡಿ. ನಕಲಾಯಿತೆಂದು ಸುಮ್ಮನಾಗದೆ, ಬೇರೊಂದು ಕಂಪ್ಯೂಟರಿಗೆ ಹಚ್ಚಿ ನಾಲ್ಕಾರು ಡ್ರಾಯಿಂಗ್, ಒಂದೆರಡು ಲೆಕ್ಕದ ಫೈಲು ತೆರೆದು ನೋಡಿ. ಆಮೇಲೆ ಆ ಡಿಸ್ಕನ್ನು ಕಿತ್ತು ಬೀರುವಿನಲ್ಲಿಡಿ. ಇನ್‌ಸ್ಟಾಲ್ ಮಾಡುವಾಗ ಅದು ಯಂತ್ರಕ್ಕೆ ಅಂಟಿಕೊಂಡಿರಲೇಬಾರದು. ಪಾರ್ಟಿಷನ್ ಮಾಡುವ ಪರದೆಯಲ್ಲಿ ಡಿಸ್ಕುಗಳೆಲ್ಲ ಒಂದೇ ಥರ ಕಾಣುತ್ತವೆ. ಬೆರಳು ತಪ್ಪಿದರೆ ಅಳಿಸಿಹೋಗುವುದು ಬ್ಯಾಕಪ್ಪೇ.

ಡೆಬಿಯನ್‌ನ ಅಧಿಕೃತ ತಾಣದಿಂದ ‘ನೆಟ್‌ಇನ್‌ಸ್ಟ್’ ಎಂಬ ಚಿಕ್ಕ ಐಎಸ್‌ಒ ಫೈಲನ್ನು ಇಳಿಸಿಕೊಳ್ಳಿ. ಜೊತೆಗೆ ಎಸ್‌ಎಚ್‌ಎ 512 ಎಂಬ ಉದ್ದನೆಯ ತಾಳೆಸಂಖ್ಯೆಯನ್ನೂ ಅಲ್ಲೇ ಕೊಟ್ಟಿರುತ್ತಾರೆ. ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ‘ಗೆಟ್ ಫೈಲ್‌ಹ್ಯಾಶ್’ ಆಜ್ಞೆಗೆ ‘ಅಲ್ಗಾರಿದಮ್ ಎಸ್‌ಎಚ್‌ಎ 512’ ಎಂದೂ ಸೇರಿಸಿ ನಿಮ್ಮ ಫೈಲಿನ ಸಂಖ್ಯೆ ತೆಗೆದು ಎರಡನ್ನೂ ಹೋಲಿಸಿ. ಒಂದು ಅಕ್ಷರ ಬೇರೆ ಇದ್ದರೂ ಫೈಲನ್ನು ಬಿಸಾಕಿ ಮತ್ತೆ ಇಳಿಸಿ. ರೂಫಸ್ ಎಂಬ ಪುಟ್ಟ ಸಾಫ್ಟ್‌ವೇರ್ ಇದನ್ನು ಪೆನ್‌ಡ್ರೈವಿಗೆ ಬರೆಯುತ್ತದೆ. ಪೆನ್‌ಡ್ರೈವಿನಲ್ಲಿ ಮೊದಲಿದ್ದದ್ದೆಲ್ಲ ಹೋಗುತ್ತದೆ.

ಬಯಾಸ್‌ನಲ್ಲಿ ಎರಡು ಸಂಗತಿ

ಯಂತ್ರ ಚಾಲೂ ಮಾಡಿದೊಡನೆ ಎಫ್2 ಅಥವಾ ಡಿಲೀಟ್ ಕೀಲಿ ಒತ್ತುತ್ತಿದ್ದರೆ ಬಯಾಸ್, ಅಂದರೆ ಆಪರೇಟಿಂಗ್ ಸಿಸ್ಟಮ್ಮಿಗೂ ಮೊದಲು ಯಂತ್ರವನ್ನು ಎಬ್ಬಿಸುವ ಬೋರ್ಡಿನೊಳಗಿನ ಸಾಫ್ಟ್‌ವೇರ್, ತೆರೆಯುತ್ತದೆ. ಮೊದಲು ಗಡಿಯಾರ ನೋಡಿ. ವರ್ಷ ಹಿಂದೆ ಹೋಗಿದ್ದರೆ ಬೋರ್ಡಿನ ಮೇಲಿನ ನಾಣ್ಯದಂಥ ಸಿಆರ್ 2032 ಬ್ಯಾಟರಿ ಮುಗಿದಿದೆ ಎಂದರ್ಥ. ಅಗ್ಗದ ಬ್ಯಾಟರಿ, ಬದಲಿಸಿಬಿಡಿ. ಗಡಿಯಾರ ತಪ್ಪಿದ್ದರೆ ಇಂಟರ್‌ನೆಟ್ಟಿನ ಸುರಕ್ಷಾ ಪ್ರಮಾಣಪತ್ರಗಳು ‘ಅವಧಿ ಸರಿಯಿಲ್ಲ’ ಎಂದು ನಿರಾಕರಿಸುತ್ತವೆ, ಕಾರಣ ತಿಳಿಯದೆ ಅರ್ಧ ದಿನ ಹಾಳಾಗುತ್ತದೆ. ಇನ್ನೂ ಮುಖ್ಯವಾಗಿ, ಬ್ಯಾಟರಿ ಸತ್ತರೆ ನೀವು ಈಗ ಮಾಡಲಿರುವ ಸೆಟ್ಟಿಂಗೂ ಅಳಿಸಿಹೋಗಬಹುದು.

ಆ ಸೆಟ್ಟಿಂಗ್ ‘ರಿಸ್ಟೋರ್ ಆನ್ ಎಸಿ ಪವರ್ ಲಾಸ್’. ಕಂಪನಿಗೊಂದು ಹೆಸರಿರುತ್ತದೆ, ಪವರ್ ವಿಭಾಗದಲ್ಲಿ ಹುಡುಕಿ. ಸಾಮಾನ್ಯವಾಗಿ ‘ಪವರ್ ಆಫ್’ ಎಂದಿರುತ್ತದೆ, ಅಂದರೆ ಕರೆಂಟು ಬಂದರೂ ಯಾರಾದರೂ ಬಂದು ಗುಂಡಿ ಒತ್ತಬೇಕು. ಅದನ್ನು ‘ಪವರ್ ಆನ್’ ಮಾಡಿ. ಇಡೀ ಲೇಖನದಲ್ಲಿ ಒಂದೇ ಕೆಲಸ ಮಾಡುತ್ತೇನೆ ಎನ್ನುವವರು ಇದನ್ನು ಮಾಡಿ.

ಇನ್‌ಸ್ಟಾಲರ್ ಕೇಳುವ ಪ್ರಶ್ನೆಗಳು

ಪೆನ್‌ಡ್ರೈವಿನಿಂದ ಬೂಟ್ ಮಾಡಿದರೆ ಭಾಷೆ ಕೇಳುತ್ತದೆ. ಆ ಪಟ್ಟಿಯಲ್ಲಿ ಕನ್ನಡವೂ ಇದೆ. ಸಂಬಳವಿಲ್ಲದೆ ಕೂತು ಅನುವಾದ ಮಾಡಿದ ಕೈಗಳನ್ನು ನೆನೆದು ನನಗೆ ಪ್ರತಿ ಸಲವೂ ಹೆಮ್ಮೆಯಾಗುತ್ತದೆ. ಒಮ್ಮೆ ಕನ್ನಡದಲ್ಲಿ ಹಾಕಿ ನೋಡಿ, ಕಲಿಯಲು ಒಳ್ಳೆಯದು. ಆದರೆ ದುಡಿಯುವ ಸರ್ವರಿಗೆ ಇಂಗ್ಲಿಷನ್ನೇ ಆರಿಸಿ ಎನ್ನುತ್ತೇನೆ. ನಾಳೆ ದೋಷದ ಸಂದೇಶ ಬಂದಾಗ ಅದನ್ನೇ ಹಾಕಿ ಹುಡುಕಿದರೆ ಪರಿಹಾರ ಸಿಗುವುದು ಸದ್ಯಕ್ಕೆ ಆ ಭಾಷೆಯಲ್ಲಿ. ದೇಶ ಭಾರತ ಎಂದರೆ ಕೋಲ್ಕತ್ತಾ ಸಮಯವಲಯ ತಾನೇ ಕೂಡುತ್ತದೆ.

ರೂಟ್ ಎಂಬ ಮುಖ್ಯ ಆಡಳಿತ ಖಾತೆಗೆ ಪಾಸ್‌ವರ್ಡ್ ಕೇಳಿದಾಗ ಖಾಲಿ ಬಿಡಿ. ಹಾಗೆ ಬಿಟ್ಟರೆ ನೀವು ಮುಂದೆ ತೆರೆಯುವ ಮೊದಲ ಖಾತೆಗೆ ‘ಸುಡೊ’ ಮೂಲಕ ಆಡಳಿತದ ಅಧಿಕಾರ ಸಿಗುತ್ತದೆ. ಆ ಖಾತೆಯ ಪಾಸ್‌ವರ್ಡು ಉದ್ದವಾಗಿರಲಿ. ಮಾನಿಟರಿಗೆ ಚೀಟಿ ಅಂಟಿಸಬೇಡಿ, ಮಾಲೀಕರ ಕಪಾಟಿನಲ್ಲಿ ಲಕೋಟೆಯೊಳಗೆ ಇಡಿಸಿ.

ಈಗ ಡಿಸ್ಕು. ಇಲ್ಲಿ ಅವಸರ ಬೇಡ. ‘ಮ್ಯಾನ್ಯುಯಲ್’ ಆರಿಸಿ. ಎರಡೂ ಡಿಸ್ಕುಗಳಲ್ಲಿ ಒಂದೇ ಅಳತೆಯ ಭಾಗಗಳನ್ನು ಮಾಡಬೇಕು: ಬೂಟಿಗೆ ಅರ್ಧ ಜಿಬಿಯ ಇಎಫ್‌ಐ ಭಾಗ, ಸಿಸ್ಟಮ್ಮಿಗೆ 40 ಜಿಬಿ, ರ‍್ಯಾಮ್ ಸಾಲದಾಗ ಬಳಸುವ ಸ್ವಾಪಿಗೆ 4 ಜಿಬಿ, ಉಳಿದದ್ದೆಲ್ಲ ಫೈಲುಗಳಿಗೆ. ಇಎಫ್‌ಐ ಒಂದನ್ನು ಬಿಟ್ಟು ಮಿಕ್ಕ ಮೂರನ್ನೂ ‘ಫಿಸಿಕಲ್ ವಾಲ್ಯೂಮ್ ಫಾರ್ ರೇಡ್’ ಎಂದು ಗುರುತಿಸಿ, ‘ಕಾನ್ಫಿಗರ್ ಸಾಫ್ಟ್‌ವೇರ್ ರೇಡ್’ಗೆ ಹೋಗಿ, ಜೋಡಿ ಜೋಡಿಯಾಗಿ ರೇಡ್ 1 ಕಟ್ಟಿ. ರೇಡ್ 1 ಎಂದರೆ ಕನ್ನಡಿಯ ಹಾಗೆ, ಒಂದರಲ್ಲಿ ಬರೆದದ್ದು ಆ ಕ್ಷಣವೇ ಇನ್ನೊಂದರಲ್ಲೂ ಇರುತ್ತದೆ. ಒಂದು ಡಿಸ್ಕ್ ಸತ್ತರೂ ಕೆಲಸ ನಿಲ್ಲದು. ಫೈಲುಗಳ ಭಾಗವನ್ನು ‘ಎಸ್‌ಆರ್‌ವಿ’ ಫೋಲ್ಡರಿಗೆ ಜೋಡಿಸಿ. ಬೇರೆ ಇಡುವುದೇಕೆಂದರೆ, ಡ್ರಾಯಿಂಗ್ ತುಂಬಿ ತುಳುಕಿದರೂ ಸಿಸ್ಟಮ್ಮಿನ 40 ಜಿಬಿಗೆ ಕೈ ಹಾಕಬಾರದು. ಸಿಸ್ಟಮ್ ಭಾಗ ಪೂರ್ತಿ ತುಂಬಿದ ಸರ್ವರ್ ನೆಟ್ಟಗೆ ಏಳುವುದಿಲ್ಲ.

ಕೊನೆಗೆ ಸಾಫ್ಟ್‌ವೇರ್ ಪಟ್ಟಿ. ಡೆಸ್ಕ್‌ಟಾಪ್, ನೋಮ್ ಎರಡರ ಮುಂದಿನ ಗುರುತನ್ನೂ ತೆಗೆಯಿರಿ. ಬೇರೆ ಕಂಪ್ಯೂಟರಿನಿಂದ ಲಾಗಿನ್ ಆಗಲು ಬೇಕಾದ ‘ಎಸ್‌ಎಸ್‌ಎಚ್ ಸರ್ವರ್’ ಮತ್ತು ‘ಸ್ಟ್ಯಾಂಡರ್ಡ್ ಸಿಸ್ಟಮ್ ಯುಟಿಲಿಟೀಸ್’ ಇವೆರಡೇ ಸಾಕು. ಚಂದದ ಪರದೆ ಇದ್ದರೆ ಸುಲಭ ಎಂದು ಅನೇಕರು ಡೆಸ್ಕ್‌ಟಾಪ್ ಹಾಕಿಸುತ್ತಾರೆ. ಯಾರೂ ಮುಟ್ಟಲಿಲ್ಲವೆಂದು ಅದು ಸ್ವಲ್ಪ ಹೊತ್ತಿಗೆ ಯಂತ್ರವನ್ನೇ ಮಲಗಿಸಬಹುದು. ಯಾರೂ ಮುಟ್ಟದೇ ಇರುವುದೇ ಸರ್ವರಿನ ದಿನಚರಿ.

ಮೊದಲ ಲಾಗಿನ್ ಆದ ಮೇಲೆ

ಪೆನ್‌ಡ್ರೈವ್ ಕಿತ್ತು ರೀಬೂಟ್ ಮಾಡಿ. ಕಪ್ಪು ಪರದೆಯಲ್ಲಿ ಲಾಗಿನ್ ಕಾಣುತ್ತದೆ. ಮೊದಲು ‘ಸುಡೊ ಆಪ್ಟ್ ಅಪ್‌ಡೇಟ್’, ಆಮೇಲೆ ‘ಸುಡೊ ಆಪ್ಟ್ ಅಪ್‌ಗ್ರೇಡ್’.

ನಂತರ ಐಪಿ ವಿಳಾಸ ಗಟ್ಟಿ ಮಾಡಿ. ರೂಟರ್ ಮನಸ್ಸಿಗೆ ಬಂದ ವಿಳಾಸ ಕೊಡುತ್ತಿದ್ದರೆ, ಕರೆಂಟು ಹೋಗಿ ಬಂದ ಬೆಳಿಗ್ಗೆ ಸರ್ವರ್ ಚಾಲೂ ಇದ್ದರೂ ಯಾರಿಗೂ ಸಿಗದೇ ಹೋಗಬಹುದು. ರೂಟರ್ 100ರಿಂದ ಮುಂದಿನ ಸಂಖ್ಯೆ ಹಂಚುತ್ತಿದ್ದರೆ ಸರ್ವರಿಗೆ 192.168.1.10 ಕೊಡಿ. ಇದನ್ನು ಸರ್ವರಿನ ನೆಟ್‌ವರ್ಕ್ ಫೈಲಿನಲ್ಲೇ ಬರೆಯಿರಿ. ರೂಟರಿನಲ್ಲಿ ಕಾಯ್ದಿರಿಸುವ ದಾರಿಯೂ ಉಂಟು, ಆದರೆ ಇಂಟರ್‌ನೆಟ್ಟಿನವರು ರೂಟರ್ ಬದಲಿಸಿದ ದಿನ ಅದು ಹೋಗುತ್ತದೆ.

ಇನ್ನು ಮುಂದಿನ ಕೆಲಸವೆಲ್ಲ ನಿಮ್ಮ ಕುರ್ಚಿಯಿಂದಲೇ, ಎಸ್‌ಎಸ್‌ಎಚ್ ಮೂಲಕ. ಪಾಸ್‌ವರ್ಡಿನ ಬದಲು ಗುರುತು ಹೇಳುವ ಎರಡು ಫೈಲುಗಳ ಕೀಲಿ ಜೋಡಿ ತಯಾರಿಸಿ, ಸಾರ್ವಜನಿಕ ಕೀಲಿಯನ್ನು ಸರ್ವರಿಗೆ ಹಾಕಿ, ಪಾಸ್‌ವರ್ಡ್ ಲಾಗಿನ್ ಮುಚ್ಚಿ. ಮುಚ್ಚುವಾಗ ತೆರೆದಿರುವ ಕಿಟಕಿಯನ್ನು ಹಾಗೇ ಇಟ್ಟು, ಎರಡನೇ ಕಿಟಕಿಯಲ್ಲಿ ಕೀಲಿಯಿಂದ ಒಳಗೆ ಹೋಗಲಾಗುತ್ತದೆಯೇ ನೋಡಿ. ಫೈರ್‌ವಾಲಿಗೂ ಇದೇ ಎಚ್ಚರ: ‘ಯುಎಫ್‌ಡಬ್ಲ್ಯು’ನಲ್ಲಿ ಮೊದಲು ಎಸ್‌ಎಸ್‌ಎಚ್‌ಗೆ ಅನುಮತಿ ಕೊಟ್ಟು, ಆಮೇಲೆ ಚಾಲೂ ಮಾಡಿ.

ಫೈಲು ಹಂಚಲು ಸಾಂಬಾ ಹಾಕಬೇಕು, ಫೈರ್‌ವಾಲಿನಲ್ಲಿ ಅದಕ್ಕೂ ಅನುಮತಿ ಕೊಡಬೇಕು. ಪ್ರತಿಯೊಬ್ಬರಿಗೂ ಬೇರೆ ಖಾತೆ ಇರಲಿ. ಇಲ್ಲಿ ಉದ್ಯಮಬಾಗ್‌ನಲ್ಲಿ ಒಂದು ಕಷ್ಟ ಎದುರಾಗುತ್ತದೆ. ಕೆಲವು ಮಷಿನ್‌ಗಳಿಗೆ ಜೋಡಿಸಿದ ಕಂಪ್ಯೂಟರ್ ಇವತ್ತಿಗೂ ವಿಂಡೋಸ್ ಎಕ್ಸ್‌ಪಿ. ಅದಕ್ಕೆ ಗೊತ್ತಿರುವುದು ಎಸ್‌ಎಂಬಿ 1 ಎಂಬ ಹಳೆಯ ಭಾಷೆಯೊಂದೇ. ಸಾಂಬಾ 2019ರಲ್ಲೇ ಅದನ್ನು ಮುಚ್ಚಿಟ್ಟಿದೆ. ಸೆಟ್ಟಿಂಗ್ ಬದಲಿಸಿ ತೆರೆಯಬಹುದು, ಆದರೆ ತೆರೆಯಬೇಡಿ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಫೈಲುಗಳಿಗೆ ಬೀಗ ಜಡಿದ ವಾನಾಕ್ರೈ, ವಿಂಡೋಸ್‌ನ ಎಸ್‌ಎಂಬಿ 1ರಲ್ಲಿದ್ದ ದೋಷ ಹಿಡಿದೇ ಹರಡಿದ್ದು. ಎಕ್ಸ್‌ಪಿ ಯಂತ್ರಕ್ಕೆ ಪ್ರೋಗ್ರಾಮ್ ಬೇಕಾದರೆ ಅದಕ್ಕೇ ಮೀಸಲಿಟ್ಟ ಒಂದು ಪೆನ್‌ಡ್ರೈವಿನಲ್ಲಿ ಒಯ್ಯಿರಿ. ದಿನಕ್ಕೆ ಐದು ನಿಮಿಷದ ಓಡಾಟ ಅಷ್ಟೆ.

‘ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್’ ಹಾಕಿದರೆ ಭದ್ರತಾ ತಿದ್ದುಪಡಿಗಳು ತಾವೇ ಬಂದು ಕೂಡುತ್ತವೆ.

ಯುಪಿಎಸ್ ಎಂಬ ಒಗಟು

ಯುಪಿಎಸ್ ಇದ್ದರೆ ಕರೆಂಟಿನ ಚಿಂತೆಯಿಲ್ಲ ಎಂದುಕೊಳ್ಳುವವರೇ ಹೆಚ್ಚು. ಸಣ್ಣ ಯುಪಿಎಸ್ ಎಳೆಯುವುದು ಕೆಲವು ನಿಮಿಷ. ಅದು ಸರ್ವರಿಗೆ ಸುದ್ದಿ ಮುಟ್ಟಿಸಬೇಕು, ಸರ್ವರ್ ಮರ್ಯಾದೆಯಿಂದ ಮಲಗಬೇಕು. ಯುಪಿಎಸ್‌ನ ಯುಎಸ್‌ಬಿ ತಂತಿಯನ್ನು ಸರ್ವರಿಗೆ ಹಚ್ಚಿ ‘ನಟ್’ ಎಂಬ ಸಾಫ್ಟ್‌ವೇರ್ ಹಾಕಿದರೆ ಇದು ಆಗುತ್ತದೆ. ಕೊಳ್ಳುವಾಗಲೇ ಯುಎಸ್‌ಬಿ ಸಂಪರ್ಕ ಇರುವ, ನಟ್‌ನ ಪಟ್ಟಿಯಲ್ಲಿರುವ ಯುಪಿಎಸ್ ಕೇಳಿ.

ಒಗಟು ಇರುವುದು ಇದರಾಚೆ. ಬ್ಯಾಟರಿ ಇಳಿಯಿತೆಂದು ಸರ್ವರ್ ಮಲಗಿತು, ಯುಪಿಎಸ್‌ನಲ್ಲಿ ಇನ್ನೂ ಚೂರು ಜೀವ ಉಳಿದಿದೆ, ಅಷ್ಟರಲ್ಲಿ ಕರೆಂಟು ಬಂತು. ಸರ್ವರಿನ ಲೆಕ್ಕದಲ್ಲಿ ವಿದ್ಯುತ್ ಹೋಗಲೇ ಇಲ್ಲ! ಹೋಗಿದ್ದರಲ್ಲವೇ ‘ಬಂತು’ ಎಂದು ಬಯಾಸ್ ಎಬ್ಬಿಸುವುದು? ಅದು ಮಲಗಿದ್ದು ಮಲಗಿಯೇ ಇರುತ್ತದೆ. ಇದಕ್ಕೆ ಮದ್ದು ನಟ್‌ನಲ್ಲೇ ಇದೆ: ಸರ್ವರ್ ಮಲಗುವ ಕೊನೆಯ ಗಳಿಗೆಯಲ್ಲಿ ಯುಪಿಎಸ್‌ಗೆ ‘ನೀನೂ ಒಮ್ಮೆ ಆರಿ, ಕರೆಂಟು ಬಂದಾಗ ಹತ್ತಿಕೋ’ ಎಂಬ ಆಜ್ಞೆ ಹೋಗುತ್ತದೆ. ಎಲ್ಲ ಯುಪಿಎಸ್‌ಗಳೂ ಈ ಮಾತು ಕೇಳುವುದಿಲ್ಲ, ಪರೀಕ್ಷಿಸಿಯೇ ನಂಬಬೇಕು.

ಬ್ಯಾಕಪ್, ಮತ್ತು ಆ ಒಂದು ಪದ

‘ರೇಡ್ ಐತಲ್ರಿ, ಮತ್ಯಾಕ ಬ್ಯಾಕಪ್?’ ಎಂದು ಕೇಳದ ಮಾಲೀಕರಿಲ್ಲ. ಕನ್ನಡಿ ಒಳ್ಳೆಯದನ್ನೂ ತೋರಿಸುತ್ತದೆ, ಕೆಟ್ಟದ್ದನ್ನೂ ತೋರಿಸುತ್ತದೆ. ಯಾರೋ ಒಂದು ಫೋಲ್ಡರ್ ಅಳಿಸಿದರೆ ಎರಡೂ ಡಿಸ್ಕಿನಿಂದ ಒಟ್ಟಿಗೇ ಹೋಗುತ್ತದೆ. ಹಾಗಾಗಿ ಹೊರಗಿನ ಡಿಸ್ಕ್ ಎರಡು ತನ್ನಿ. ರಾತ್ರಿ ‘ಆರ್‌ಸಿಂಕ್’ ಒಂದಕ್ಕೆ ನಕಲು ಮಾಡಲಿ, ಇನ್ನೊಂದು ಮಾಲೀಕರ ಮನೆಯಲ್ಲಿರಲಿ. ವಾರಕ್ಕೊಮ್ಮೆ ಅದಲುಬದಲು.

ಹೀಗೆ ಬಂದು ಹೋಗುವ ಡಿಸ್ಕನ್ನು, ಬೂಟ್ ಆಗುವಾಗ ಯಾವ ಡಿಸ್ಕ್ ಎಲ್ಲಿ ಜೋಡಿಸಬೇಕೆಂದು ಹೇಳುವ ‘ಎಫ್‌ಎಸ್‌ಟ್ಯಾಬ್’ ಫೈಲಿನಲ್ಲಿ ನಮೂದಿಸುವಾಗ ಆಯ್ಕೆಗಳ ಕಲಮಿನಲ್ಲಿ ‘ನೋಫೇಲ್’ ಎಂಬ ಪದ ಸೇರಿಸಬೇಕು. ಡಿಸ್ಕ್ ಇಲ್ಲದಿದ್ದರೂ ಮುಂದೆ ಹೋಗು ಎಂದು ಅದರ ಅರ್ಥ. ಇಲ್ಲದಿದ್ದರೆ ಸಿಸ್ಟಮ್ ಒಂದೂವರೆ ನಿಮಿಷ ಕಾದು ‘ಎಮರ್ಜೆನ್ಸಿ ಮೋಡ್’ಗೆ ಹೋಗಿ ನಿಲ್ಲುತ್ತದೆ. ಆ ಜುಲೈ ಬೆಳಿಗ್ಗೆ ನಾನು ಕಂಡದ್ದು ಅದನ್ನೇ.

ಇಎಫ್‌ಐ ಭಾಗ ರೇಡ್‌ನಲ್ಲಿಲ್ಲ ಎಂದೆನಲ್ಲ, ಅದಕ್ಕೂ ಒಂದು ದಾರಿ ಮಾಡಿ. ‘ಡಿಡಿ’ ಆಜ್ಞೆಯಿಂದ ಮೊದಲ ಡಿಸ್ಕಿನ ಇಎಫ್‌ಐ ಭಾಗವನ್ನು ಇದ್ದ ಹಾಗೆಯೇ ಎರಡನೆಯದಕ್ಕೆ ನಕಲಿಸಿ. ಅದಕ್ಕೂ ಮುಂಚೆ, ಸಿಸ್ಟಮ್ಮನ್ನು ಬೂಟ್ ಮಾಡುವ ಗ್ರಬ್ ಎಂಬ ಸಾಫ್ಟ್‌ವೇರಿನ ಸೆಟ್ಟಿಂಗಿನಲ್ಲಿ ‘ರಿಮೂವಬಲ್ ಮೀಡಿಯಾ ಪಾಥ್’ಗೂ ಹಾಕಲು ಒಪ್ಪಿಗೆ ಕೊಡಿ. ಡಿಡಿ ಎರಡನೇ ಸಲ ಕೇಳುವುದಿಲ್ಲ. ಎಲ್ಲಿಂದ, ಎಲ್ಲಿಗೆ ಎಂಬುದನ್ನು ಬಾಯಿಬಿಟ್ಟು ಓದಿಕೊಂಡು ಎಂಟರ್ ಒತ್ತಿ.

ಬೇಕೆಂದೇ ಕೆಡಿಸಿ ನೋಡುವ ದಿನ

ವಾರದ ರಜೆಯ ದಿನ ಎರಡು ತಾಸು ಬಿಡುವು ಮಾಡಿಕೊಂಡು ಹೋಗಿ. ಜನ ಕೆಲಸದಲ್ಲಿರುವಾಗ ಈ ಪರೀಕ್ಷೆ ಬೇಡ. ಯುಪಿಎಸ್‌ನ ಪ್ಲಗ್ ಗೋಡೆಯಿಂದ ಕೀಳಿ. ಬ್ಯಾಟರಿ ಇಳಿದು ಸರ್ವರ್ ತಾನೇ ಮಲಗುವವರೆಗೆ ಕಾಯಿರಿ. ಮಲಗಿದ ಕೂಡಲೇ ಪ್ಲಗ್ ಹಾಕಿ, ಕೈ ಕಟ್ಟಿ ನಿಲ್ಲಿ. ತಾನೇ ಎದ್ದಿತೇ? ಬೇರೆ ಕಂಪ್ಯೂಟರಿನಿಂದ ಡ್ರಾಯಿಂಗ್ ತೆರೆಯಿತೇ? ಬ್ಯಾಕಪ್ ಡಿಸ್ಕ್ ತೆಗೆದು ಇನ್ನೊಮ್ಮೆ ಇದನ್ನೇ ಮಾಡಿ.

ಮೂರನೆಯದಾಗಿ ಯಂತ್ರ ಆರಿಸಿ, ಮೊದಲ ಡಿಸ್ಕಿನ ತಂತಿ ಬಿಚ್ಚಿ ಚಾಲೂ ಮಾಡಿ. ಎರಡನೆಯದೊಂದರಿಂದಲೇ ಏಳಬೇಕು. ರೇಡ್‌ನ ಸ್ಥಿತಿ ತೋರಿಸುವ ‘ಎಂಡಿಸ್ಟ್ಯಾಟ್’ನಲ್ಲಿ ಚೌಕ ಕಂಸದೊಳಗಿದ್ದ ಎರಡು ‘ಯು’ಗಳಲ್ಲಿ ಒಂದರ ಜಾಗದಲ್ಲಿ ಅಡಿಗೆರೆ ಕಾಣುತ್ತದೆ. ಮತ್ತೆ ಆರಿಸಿ, ತಂತಿ ಹಚ್ಚಿ, ‘ಎಂಡಿಎಡಿಎಂ’ ಆಜ್ಞೆಯಿಂದ ಆ ಡಿಸ್ಕಿನ ಮೂರೂ ಭಾಗಗಳನ್ನು ಮರಳಿ ಸೇರಿಸಿ, ಎಲ್ಲ ಸಾಲಿನಲ್ಲೂ ಎರಡು ‘ಯು’ ಕಾಣುವ ತನಕ ಅಲ್ಲೇ ಇರಿ. ದೊಡ್ಡ ಡಿಸ್ಕಾದರೆ ತಾಸುಗಟ್ಟಲೆ ಹಿಡಿಯುತ್ತದೆ, ಬುತ್ತಿ ಕಟ್ಟಿಕೊಂಡು ಹೋಗಿ.

ಆ ಫೌಂಡ್ರಿಯಲ್ಲಿ ಹೀಗೆ ಪರೀಕ್ಷೆ ಮಾಡಿದ ಮೇಲೆ ಮಳೆಗಾಲ ಮುಗಿಯುವವರೆಗೆ ಎಷ್ಟೋ ಸಲ ಕರೆಂಟು ಹೋಗಿ ಬಂದಿದೆ. ದಸರೆಗೆ ಆಯುಧ ಪೂಜೆಯ ದಿನ ಕರೆದಿದ್ದರು. ಮಷಿನ್‌ಗಳ ಸಾಲಿಗೆ ಕುಂಕುಮ ಹಚ್ಚುತ್ತ ಬಂದ ಅಕೌಂಟೆಂಟ್, ಒಳಕೋಣೆಯ ಬಾಗಿಲು ತೆಗೆದು ಸರ್ವರಿಗೂ ಒಂದು ಚೆಂಡುಹೂವು ಇಟ್ಟರು, ಗಾಳಿಯಾಡುವ ಜಾಗ ಬಿಟ್ಟು.