‘-ರೊ-’ ಪ್ರತ್ಯಯದ ಬೆನ್ನು ಹತ್ತಿ: ನನ್ನ ಅನುಭವ

ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೊದಲಾದವುಗಳ ಪೂರ್ವಜವಾದ, ಬರಹದಲ್ಲಿ ಉಳಿಯದ ಮೂಲ ಇಂಡೋ-ಯುರೋಪಿಯನ್ ಭಾಷೆಯ ಗುಣವಾಚಕ ಪ್ರತ್ಯಯಗಳನ್ನು (ಗುಣ ಹೇಳುವ ಪದ ಕಟ್ಟಲು ಧಾತುವಿಗೆ ಸೇರುವ ತುಣುಕುಗಳನ್ನು) ಪುನಾರಚಿಸುವಾಗ ನಾನು ಹಾಕಿಕೊಂಡ ಕಟ್ಟಳೆಯೆಂದರೆ, ಬರಿಯ ಪ್ರತ್ಯಯಗಳನ್ನಲ್ಲ, ಇಡೀ ಪದಗಳನ್ನೇ ಹೋಲಿಸಬೇಕು ಎಂಬುದು. ಸಂಸ್ಕೃತದ ‘-ಇಕ’, ಗ್ರೀಕಿನ ‘-ಇಕೊಸ್’ ಅವಳಿಗಳಂತೆ ಕಂಡರೂ, ಎರಡು ಭಾಷೆಗಳೂ ಅವನ್ನು ತಮ್ಮ ತಮ್ಮ ಕಾಲದಲ್ಲಿ ಹೇರಳವಾಗಿ ಬೆಳೆಸಿಕೊಂಡಿರುವುದರಿಂದ, ಆ ಹೋಲಿಕೆಯ ಮೇಲೆ ಹೆಚ್ಚು ಭಾರ ಹಾಕುವಂತಿಲ್ಲ. ಆದ್ದರಿಂದ ‘-ರೊ-’ ಪ್ರತ್ಯಯವನ್ನು ಆರಿಸಿಕೊಂಡೆ.

ಕೆಂಪು ಎಂಬರ್ಥದ ಗ್ರೀಕಿನ ‘ಎರುಥ್ರೊಸ್’, ಲ್ಯಾಟಿನ್ನಿನ ‘ರುಬೆರ್’, ಮಧ್ಯ ಏಷ್ಯಾದಲ್ಲಿದ್ದು ಅಳಿದುಹೋದ ತೋಖಾರಿಯನ್ ಬಿ ಭಾಷೆಯ ‘ರತ್ರೆ’, ಸಂಸ್ಕೃತದ ‘ರುಧಿರ’ ಇವನ್ನು ಒಟ್ಟಿಗೆ ಬರೆದುಕೊಂಡೆ. (ನಮಗೆ ರುಧಿರವೆಂದರೆ ನೆತ್ತರು ಮಾತ್ರ, ಅಥರ್ವವೇದದಲ್ಲಿ ಅದು ಗುಣವಾಚಕವೂ ಹೌದು.) ‘ರ್’ ಎದುರಿನ ಮೂಲ ‘ಧ್’ ಲ್ಯಾಟಿನ್ನಿನಲ್ಲಿ ‘ಬ್’ ಆಗುವುದು ನಿಯಮಬದ್ಧವೇ, ಗ್ರೀಕಿನ ಆದಿಯ ‘ಎ’ ಅಳಿದುಹೋದ ಒಂದು ಕಂಠ್ಯಧ್ವನಿಯ ಗುರುತು. ಹೀಗೆ ದೊರೆತ ರೂಪ *ಹ₁ರುಧ್ರೊಸ್ (ನಕ್ಷತ್ರ ಪುನಾರಚಿತ ರೂಪದ ಗುರುತು, ‘ಹ₁’ ಆ ಕಂಠ್ಯಧ್ವನಿ): ಧಾತುವಿನಲ್ಲಿ ‘ಎ’ಕಾರವಿಲ್ಲ, ಉದಾತ್ತಸ್ವರ (ಏರುದನಿಯ ಒತ್ತು) ಪ್ರತ್ಯಯದ ಮೇಲಿದೆ. ‘ರುಧಿರ’ದ ನಡುವಿನ ‘ಇ’ ಉಳಿದ ಮೂರರಲ್ಲಿಲ್ಲದ ಕಾರಣ ಅದನ್ನು ಮೂಲರೂಪಕ್ಕೆ ಒಯ್ಯದೆ, ಸಂಸ್ಕೃತದ ಸ್ವಂತ ಬೆಳವಣಿಗೆಯೆಂದು ಬದಿಗಿಟ್ಟೆ.

ಆದರೆ ಇದು ಗುಣವಾಚಕ ಪ್ರತ್ಯಯವೇ ಎಂಬುದಕ್ಕೆ ನನಗೆ ಬಲವಾದ ಸಾಕ್ಷ್ಯ ಸಿಕ್ಕಿದ್ದು ಅದು ಕಾಣೆಯಾಗುವ ಕಡೆಗಳಲ್ಲಿ. ಪ್ರಾಚೀನ ಇರಾನಿನ ಧರ್ಮಗ್ರಂಥವಾದ ಅವೆಸ್ತಾದ ‘ದೆರೆಜ್ರ’ ಎಂದರೆ ಗಟ್ಟಿಯಾದದ್ದು. ಗಟ್ಟಿ ರಥವುಳ್ಳವನು ಮಾತ್ರ ‘ದೆರೆಜಿ-ರಥ’. ಸಮಾಸದಲ್ಲಿ ‘-ರ’ ಹೋಗಿ ‘-ಇ’ ಬರುವ ಈ ಪಲ್ಲಟವನ್ನು 19ನೆಯ ಶತಮಾನದ ಕೊನೆಯಲ್ಲಿ ಡಚ್ ವಿದ್ವಾಂಸ ವಿಲ್ಲೆಮ್ ಕಾಲಂಡ್ ಗುರುತಿಸಿದರು. ಕೀರ್ತಿವಂತ ಎಂಬರ್ಥದ ಗ್ರೀಕಿನ ‘ಕುದ್ರೊಸ್’ ಸಹ ಸಮಾಸದಲ್ಲಿ ‘ಕುದಿ-’ ಆಗುತ್ತದೆ. ತರ-ತಮ ರೂಪಗಳಲ್ಲೂ (‘ಹೆಚ್ಚು’, ‘ಎಲ್ಲಕ್ಕಿಂತ ಹೆಚ್ಚು’ ಎಂಬರ್ಥದವು) ಇದೇ ಕಥೆ: ಕ್ಷಿಪ್ರಕ್ಕೆ ಕ್ಷೇಪಿಷ್ಠ, ದೂರಕ್ಕೆ ದವಿಷ್ಠ; ಕುರೂಪ ಎಂಬರ್ಥದ ಗ್ರೀಕಿನ ‘ಐಸ್ಖ್ರೊಸ್’ಗೆ ‘ಐಸ್ಖಿಸ್ತೊಸ್’. ಸ್ಥೂಲ, ದೂರ, ಕ್ಷಿಪ್ರ, ಕ್ಷುದ್ರ ಮೊದಲಾದ ಪದಗಳಲ್ಲಿ ಇಂಥ ಕಡೆ ಕೊನೆಯ ಭಾಗ ಲೋಪವಾಗಿ ಹಿಂದಿನ ಸ್ವರಕ್ಕೆ ಗುಣ (‘ಇ’ಗೆ ‘ಏ’, ‘ಉ’ಗೆ ‘ಓ’ ಆಗುವುದು) ಬರುತ್ತದೆಂದು ಪಾಣಿನಿ ಒಂದೇ ಸೂತ್ರದಲ್ಲಿ ಹೇಳಿಬಿಟ್ಟಿದ್ದಾನೆ. ಹೋಲಿಕೆಗೆ ಬೇರೊಂದು ಭಾಷೆಯಿಲ್ಲದೆಯೇ ಇದನ್ನು ಕಂಡ ಅವನ ಕಣ್ಣಿನ ಮುಂದೆ ನನ್ನ ಕೋಷ್ಟಕ ಸಪ್ಪೆಯೆನಿಸಿತು.

ಆ ಕೋಷ್ಟಕದಲ್ಲಿ ಧಾತುವಿಗೊಂದು ಸಾಲು: ‘-ರೊ-’ ರೂಪ, ಸಮಾಸದ ‘-ಇ-’ ರೂಪ, ತಮರೂಪ, ‘ಓಜಸ್’ನಂಥ ಭಾವನಾಮ. ‘ಉಗ್ರ’ದ ಸಾಲಿನಲ್ಲಿ ‘ಓಜಿಷ್ಠ’, ‘ಓಜಸ್’ ಕೂಡಲೇ ಬಂದು ಕುಳಿತವು. ಹೊಲ ಎಂಬರ್ಥದ ‘ಅಜ್ರ’, ‘ಅಗ್ರೊಸ್’, ‘ಅಗೆರ್’ ಧ್ವನಿನಿಯಮಕ್ಕೆ ಚೊಕ್ಕವಾಗಿ ಹೊಂದಿದರೂ ಆ ಸಾಲಿನ ಉಳಿದ ಮನೆಗಳು ಖಾಲಿಯೇ ಉಳಿದವು. ಅಲ್ಲಿರುವ ‘-ರೊ-’ ನಾಮಪದದ್ದೆಂದು ಅದನ್ನು ಪಟ್ಟಿಯಿಂದ ತೆಗೆದೆ.

‘-ಉ-’ ಪ್ರತ್ಯಯಕ್ಕೂ ಇದೇ ಕೋಷ್ಟಕ ಸಾಕಾಯಿತು. ‘ಸ್ವಾದು’ ಮತ್ತು ಗ್ರೀಕಿನ ‘ಹೇದುಸ್’ ಒಂದೇ ಪದ. ಅವುಗಳ ತಮರೂಪಗಳಾದ ‘ಸ್ವಾದಿಷ್ಠ’, ‘ಹೇದಿಸ್ತೊಸ್’ ಎರಡರಲ್ಲೂ ಉಕಾರವಿಲ್ಲ, ಎರಡರಲ್ಲೂ ಉದಾತ್ತ ಧಾತುವಿನ ಮೇಲೆಯೇ ಇದೆ.